ಅಂಗಡಿಗೆ, ಬ್ಯಾಂಕಿಗೆ, ಗದ್ದೆಗೆ ಗನ್ ತಗೊಂಡು ಹೋಗಬಹುದಾ? ಕಾನೂನು ಹೇಳೋದು ಇಷ್ಟು

ತಿ.ನರಸೀಪುರ: ಎಲ್ಲೋ ಒಂದು ಕಡೆ ದರೋಡೆ ಆದ ಸುದ್ದಿ ಬಂದರೆ ಸಾಕು, ಸೋಮನಾಥಪುರ, ಬನ್ನೂರು, ನಂಜನಗೂಡು ಕಡೆ ಟೀ ಅಂಗಡಿಗಳಲ್ಲಿ ಒಂದೇ ಮಾತು: ‘ಅವರ ಹತ್ರ ಒಂದು ಗನ್ ಇದ್ದಿದ್ರೆ ಹಿಂಗಾಗ್ತಿರಲಿಲ್ಲ.’ ಚಿನ್ನ ಗಿರವಿ ಇಟ್ಟುಕೊಳ್ಳುವವರು, ಪೆಟ್ರೋಲ್ ಬಂಕ್‌ನವರು, ಸಂತೆ ಮುಗಿಸಿ ದುಡ್ಡು ಹಿಡ್ಕೊಂಡು ಕತ್ತಲಲ್ಲಿ ವಾಪಸ್ ಬರುವ ಕುರಿ ವ್ಯಾಪಾರಿಗಳು, ರಾತ್ರಿ ಕರೆಂಟ್ ಕೊಟ್ಟಾಗ ಕಬ್ಬಿನ ಗದ್ದೆಗೆ ನೀರು ಹಾಯಿಸೋಕೆ ಹೋಗುವ ರೈತರು, ಎಲ್ಲರಿಗೂ ಇರುವುದು ಇದೇ ಪ್ರಶ್ನೆ. ಕೆಲಸದ ಜಾಗಕ್ಕೆ ಆತ್ಮರಕ್ಷಣೆಗೆ ಅಂತ ಬಂದೂಕು ಒಯ್ಯಬಹುದಾ?

ಒಂದೇ ಮಾತಲ್ಲಿ ಹೇಳೋದಾದ್ರೆ, ಲೈಸೆನ್ಸ್ ಇದ್ದರೆ ಒಯ್ಯಬಹುದು. ಆದರೆ ಆ ಲೈಸೆನ್ಸ್ ಯಾರ ಹೆಸರಲ್ಲಿದೆ, ಯಾವ ಕಾರಣಕ್ಕೆ ಕೊಟ್ಟಿದ್ದಾರೆ, ಗುಂಡು ಹಾರಿಸಿದ ಮೇಲೆ ಏನಾಗುತ್ತೆ ಅನ್ನೋದು ಗೊತ್ತಿಲ್ಲದಿದ್ದರೆ ದರೋಡೆಕೋರನಿಗಿಂತ ಮೊದಲು ಅಂಗಡಿಯವನೇ ಜೈಲು ಸೇರುವ ಸಾಧ್ಯತೆ ಇದೆ.

ಭಯ ಸುಮ್ಮನೆ ಬಂದಿದ್ದಲ್ಲ

2021ರ ಆಗಸ್ಟ್ 23ರಂದು ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಚಿನ್ನದಂಗಡಿ ದರೋಡೆ ನಡೆಯಿತು. ಅಂಗಡಿಗೆ ಬಂದಿದ್ದ ಯುವಕನೊಬ್ಬ ದರೋಡೆಕೋರರ ಗುಂಡಿಗೆ ಬಲಿಯಾದ. 2025ರ ಜನವರಿ 16ರಂದು ಬೀದರ್‌ನಲ್ಲಿ ಬ್ಯಾಂಕ್ ಮುಂದೆ ಎಟಿಎಂಗೆ ತುಂಬುವ ಹಣದ ಪೆಟ್ಟಿಗೆಯನ್ನು ವಾಹನಕ್ಕೆ ಇಡುತ್ತಿದ್ದ ಸಿಬ್ಬಂದಿ ಮೇಲೆ ಬೈಕಲ್ಲಿ ಬಂದ ಇಬ್ಬರು ಗುಂಡು ಹಾರಿಸಿದರು. ಒಬ್ಬರು ಸತ್ತರು, ಇನ್ನೊಬ್ಬರು ತೀವ್ರವಾಗಿ ಗಾಯಗೊಂಡರು. ಆ ವಾಹನದ ಜೊತೆ ಗನ್‌ಮ್ಯಾನ್ ಇರಲಿಲ್ಲ. ಮರುದಿನವೇ ಉಳ್ಳಾಲದ ಕೋಟೆಕಾರ್‌ನಲ್ಲಿ ಹಾಡಹಗಲೇ ಸಹಕಾರಿ ಬ್ಯಾಂಕ್ ದರೋಡೆ ಆಯ್ತು.

ಹಾಗಾದ್ರೆ ಗನ್ ಇದ್ದರೆ ಎಲ್ಲಾ ಸರಿ ಹೋಗುತ್ತಾ? ಅದೇ ವರ್ಷ ನವೆಂಬರ್ 19ರಂದು ಬೆಂಗಳೂರಿನಲ್ಲಿ 7.11 ಕೋಟಿ ರೂಪಾಯಿ ಸಾಗಿಸುತ್ತಿದ್ದ ವಾಹನದಲ್ಲಿ ಗನ್‌ಮ್ಯಾನ್‌ಗಳು ಇದ್ದರು, ಅವರ ಹತ್ರ ಬಂದೂಕೂ ಇತ್ತು. ಬಂದವರು ‘ನಾವು ಆರ್‌ಬಿಐ ಕಡೆಯವರು, ದಾಖಲೆ ತೋರಿಸಿ’ ಅಂತ ನಂಬಿಸಿ ಸಿಬ್ಬಂದಿಯನ್ನ ವಾಹನದಿಂದ ಇಳಿಸಿಯೇ ಬಿಟ್ಟರು. ಈ ಕೇಸಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಮತ್ತು ಅದೇ ಏಜೆನ್ಸಿಯ ಮಾಜಿ ನೌಕರನ ಬಂಧನವಾಯಿತು. ಬೀದರ್‌ನಲ್ಲಿ ಗನ್ ಇರಲಿಲ್ಲ, ಜೀವ ಹೋಯ್ತು. ಬೆಂಗಳೂರಲ್ಲಿ ಗನ್ ಇತ್ತು, ದುಡ್ಡು ಹೋಯ್ತು. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ಕ್ಯಾಶ್ ವಾಹನಕ್ಕೆ ನಿಯಮ ಏನು?

ಕೇಂದ್ರ ಗೃಹ ಇಲಾಖೆ 2018ರಲ್ಲಿ ಖಾಸಗಿ ಏಜೆನ್ಸಿಗಳ ಹಣ ಸಾಗಣೆಗೆ ಅಂತಲೇ ನಿಯಮ ಮಾಡಿದೆ. ಒಂದು ವಾಹನದಲ್ಲಿ ಚಾಲಕ, ಇಬ್ಬರು ಶಸ್ತ್ರಸಜ್ಜಿತ ಗಾರ್ಡ್, ಇಬ್ಬರು ಎಟಿಎಂ ಸಿಬ್ಬಂದಿ ಇರಬೇಕು. ಒಬ್ಬ ಗಾರ್ಡ್ ಮುಂದೆ ಡ್ರೈವರ್ ಪಕ್ಕ, ಇನ್ನೊಬ್ಬ ಹಿಂದೆ. ಹಣ ತುಂಬುವಾಗ, ಊಟಕ್ಕೆ ನಿಲ್ಲಿಸಿದಾಗಲೂ ಒಬ್ಬ ಗಾರ್ಡ್ ವಾಹನ ಬಿಟ್ಟು ಕದಲುವಂತಿಲ್ಲ. ಒಂದು ಟ್ರಿಪ್‌ಗೆ 5 ಕೋಟಿ ಮೀರಬಾರದು. ಪಟ್ಟಣದಲ್ಲಿ ರಾತ್ರಿ 9, ಹಳ್ಳಿ ಕಡೆ ಸಂಜೆ 6ರ ನಂತರ ಎಟಿಎಂಗೆ ಹಣ ತುಂಬುವ ಹಾಗಿಲ್ಲ. ಬೆಂಗಳೂರಿನ ವಾಹನದಲ್ಲಿದ್ದದ್ದು ಎಷ್ಟು ಅಂತ ಇನ್ನೊಮ್ಮೆ ನೋಡಿ.

ನಮ್ಮ ತಾಲ್ಲೂಕಿನ ಹಳ್ಳಿ ಎಟಿಎಂಗೆ ಕತ್ತಲಾದ ಮೇಲೆ ಕ್ಯಾಶ್ ವಾಹನ ಬಂದು ನಿಂತಿದ್ದರೆ ಅದು ನಿಯಮ ಮೀರಿದಂತೆ. ಅದರಲ್ಲಿ ದುಡಿಯುವ ಹುಡುಗರು ‘ಗನ್‌ಮ್ಯಾನ್ ಇಲ್ಲದೆ ಹೋಗಲ್ಲ’ ಅಂತ ಏಜೆನ್ಸಿಗೆ ಹೇಳಿದರೆ ಅದು ಹಠ ಅಲ್ಲ. ನಿಯಮವೇ ಅವರ ಬೆನ್ನಿಗಿದೆ.

ಲೈಸೆನ್ಸ್ ಯಾರು ಕೊಡ್ತಾರೆ?

ಬಂದೂಕಿನ ವಿಷಯ ನಡೆಯೋದು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಮೇಲೆ. ಮೈಸೂರು ನಗರದವರಿಗೆ ಪೊಲೀಸ್ ಕಮಿಷನರ್, ತಿ.ನರಸೀಪುರ, ನಂಜನಗೂಡಿನವರಿಗೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುವ ಅಧಿಕಾರಿ. ಅರ್ಜಿ ಹಾಕಿದ ಮೇಲೆ ನಿಮ್ಮ ವ್ಯಾಪ್ತಿಯ ಠಾಣೆಯಿಂದ ವರದಿ ಹೋಗುತ್ತೆ. ಕ್ರಿಮಿನಲ್ ಕೇಸ್ ಇದೆಯಾ, ಮನೆಯಲ್ಲಿ ಜಗಳ ಇದೆಯಾ, ನಿಜವಾಗಲೂ ಜೀವಭಯ ಇದೆಯಾ ಅಂತ ಪೊಲೀಸರು ವಿಚಾರಿಸ್ತಾರೆ. ವಯಸ್ಸು 21 ದಾಟಿರಬೇಕು. ವೈದ್ಯಕೀಯ ಪ್ರಮಾಣಪತ್ರ, ಬಂದೂಕು ಬಳಸುವ ತರಬೇತಿ ಪಡೆದ ಪ್ರಮಾಣಪತ್ರ ಎರಡೂ ಬೇಕು.

‘ನಮಗೆ ಆಸ್ತಿ ಇಲ್ಲ, ನಮಗ್ಯಾರು ಕೊಡ್ತಾರೆ’ ಅನ್ನೋರಿಗೆ ಒಂದು ವಿಷಯ. ಸಾಕಷ್ಟು ಆಸ್ತಿ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಅಂತ ಕಾಯ್ದೆಯ 14ನೇ ಸೆಕ್ಷನ್‌ನಲ್ಲೇ ಇದೆ. ನಿರಾಕರಿಸಿದರೆ ಸಾಮಾನ್ಯವಾಗಿ ಕಾರಣ ಬರೆದು ಕೊಡಬೇಕು, ಅದರ ಮೇಲೆ ಮೇಲ್ಮನವಿ ಹಾಕೋಕೂ ಅವಕಾಶ ಇದೆ.

2019ರ ತಿದ್ದುಪಡಿ ನಂತರ ಒಬ್ಬರು ಗರಿಷ್ಠ ಎರಡು ಬಂದೂಕು ಇಟ್ಟುಕೊಳ್ಳಬಹುದು. ಮೊದಲು ಮೂರು ಇಡಬಹುದಿತ್ತು. ಲೈಸೆನ್ಸ್ ಅವಧಿ 3 ವರ್ಷ ಇದ್ದದ್ದು ಈಗ 5 ವರ್ಷ.

ಅಪ್ಪನ ಬಂದೂಕು ಮಗನದ್ದಲ್ಲ

ಹಳ್ಳಿಗಳಲ್ಲಿ ಜನ ಹೆಚ್ಚು ಎಡವೋದು ಇಲ್ಲೇ. ಅಪ್ಪನ ಹೆಸರಲ್ಲಿ ಲೈಸೆನ್ಸ್ ಇದೆ, ರಾತ್ರಿ ಗದ್ದೆಗೆ ಮಗ ಬಂದೂಕು ಹಿಡ್ಕೊಂಡು ಹೋಗ್ತಾನೆ. ಅಂಗಡಿ ಮಾಲೀಕನ ಗನ್ ಹುಡುಗನ ಕೈಲಿರುತ್ತೆ. ಇಬ್ಬರ ಮೇಲೂ ಕೇಸ್ ಆಗಬಹುದು, ಯಾಕಂದ್ರೆ ಲೈಸೆನ್ಸ್ ಕೊಡೋದು ಮನುಷ್ಯನಿಗೆ, ಮನೆಗಲ್ಲ. ಸಂಸ್ಥೆ ಹೆಸರಲ್ಲಿ ಲೈಸೆನ್ಸ್ ಇದ್ದರೂ ಬಂದೂಕು ಹಿಡಿಯುವ ಕಾವಲುಗಾರನ ಹೆಸರು ಅದರಲ್ಲಿ ದಾಖಲಾಗಿರಬೇಕು. ಅಪ್ಪ ತೀರಿಕೊಂಡರೆ ಬಂದೂಕನ್ನ ಅಟ್ಟದ ಮೇಲೆ ಇಡದೆ ಠಾಣೆಗೋ ಅಧಿಕೃತ ಡೀಲರ್‌ಗೋ ಒಪ್ಪಿಸಿ, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಹಾಕಬೇಕು. ಅಪ್ಪನಿಗೆ 70 ವರ್ಷ ಆಗಿದ್ದರೆ, ಇಲ್ಲವೇ ಬಂದೂಕು ಇಟ್ಟುಕೊಂಡು 25 ವರ್ಷ ಆಗಿದ್ದರೆ, ಅವರು ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಮಾಡಿಸೋಕೆ ನಿಯಮದಲ್ಲಿ ದಾರಿ ಇದೆ.

ಬೆಳೆ ರಕ್ಷಣೆಗೆ ಕೊಡುವ ಲೈಸೆನ್ಸ್ ಬೇರೆ. ಅದು ಸಾಮಾನ್ಯವಾಗಿ ನಳಿಗೆ ಬಾಯಿಂದ ಮದ್ದು ತುಂಬುವ ಬಂದೂಕಿಗೆ. ಹಂದಿ ಓಡಿಸೋಕೆ ಅಂತ ತಗೊಂಡ ಲೈಸೆನ್ಸ್ ತೋರಿಸಿ ಅದೇ ಬಂದೂಕನ್ನ ಪೇಟೆ ಅಂಗಡಿಯ ಗಲ್ಲಾ ಪಕ್ಕ ಇಟ್ಟುಕೊಳ್ಳೋಕೆ ಆಗಲ್ಲ.

ಎಲ್ಲಿಗೆ ಒಯ್ಯಬಾರದು?

ವಿಶೇಷ ಅನುಮತಿ ಇಲ್ಲದೆ ಜಾತ್ರೆ, ಧಾರ್ಮಿಕ ಮೆರವಣಿಗೆ, ಸಾರ್ವಜನಿಕ ಸಭೆ, ಶಾಲಾ-ಕಾಲೇಜು ಆವರಣಕ್ಕೆ ಬಂದೂಕು ಒಯ್ಯುವಂತಿಲ್ಲ ಅನ್ನೋದು ಲೈಸೆನ್ಸ್‌ನ ಷರತ್ತಲ್ಲೇ ಇದೆ. ಅಂದರೆ ನಂಜನಗೂಡು ದೊಡ್ಡಜಾತ್ರೆಗೆ, ಮುಡುಕುತೊರೆ ಜಾತ್ರೆಗೆ, ತಿ.ನರಸೀಪುರದ ಕುಂಭಮೇಳಕ್ಕೆ ಅಂಗಡಿ ಹಾಕೋಕೆ ಹೋಗುವ ವ್ಯಾಪಾರಿ, ಲೈಸೆನ್ಸ್ ಇದ್ದರೂ ಗನ್ ಮನೆಯಲ್ಲೇ ಬಿಟ್ಟು ಹೋಗಬೇಕು. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗಾಳಿಯಲ್ಲಿ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಚುನಾವಣೆ ಘೋಷಣೆ ಆದಾಗ ಬಂದೂಕನ್ನ ಠಾಣೆಗೆ ಜಮಾ ಮಾಡುವಂತೆ ಆದೇಶ ಬರುತ್ತೆ. ಬ್ಯಾಂಕ್ ಭದ್ರತಾ ಸಿಬ್ಬಂದಿಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತೆ. ಉಳಿದವರು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಕಾರಣ ಕೊಟ್ಟು ಕೇಳಬೇಕು.

ಟ್ರಿಗರ್ ಒತ್ತಿದ ಮೇಲೆ

ಲೈಸೆನ್ಸ್ ಅಂದರೆ ಗುಂಡು ಹಾರಿಸೋಕೆ ಅನುಮತಿ ಅಲ್ಲ. ಆ ಹಕ್ಕು ಬರೋದು ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳಿಂದ. ಸಾವು ಅಥವಾ ತೀವ್ರ ಗಾಯ ಆಗುತ್ತೆ ಅನ್ನೋ ನ್ಯಾಯವಾದ ಭಯ ಇದ್ದಾಗ, ಅತ್ಯಾಚಾರ, ಅಪಹರಣ, ಆಸಿಡ್ ದಾಳಿಯಂಥ ಸಂದರ್ಭದಲ್ಲಿ ಎದುರಾಳಿಯ ಜೀವ ಹೋದರೂ ಅದು ಅಪರಾಧ ಅಲ್ಲ. ಆಸ್ತಿ ವಿಷಯದಲ್ಲಿ ದರೋಡೆ, ಸೂರ್ಯ ಮುಳುಗಿದ ಮೇಲೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು ಇವಕ್ಕೂ ಈ ಹಕ್ಕು ಇದೆ.

ಬರೀ ಕಳ್ಳತನಕ್ಕೆ ಇಲ್ಲ. ತೆಂಗಿನಕಾಯಿ ಕಿತ್ತವನಿಗೆ, ಪಂಪ್‌ಸೆಟ್ ಕೇಬಲ್ ಕದ್ದವನಿಗೆ ಗುಂಡು ಹೊಡೆದರೆ ಅದು ಕೊಲೆ ಕೇಸೇ. ಗಲ್ಲಾ ಪೆಟ್ಟಿಗೆ ಎತ್ತಿಕೊಂಡು ಬೆನ್ನು ತಿರುಗಿಸಿ ಓಡುತ್ತಿರುವವನಿಗೆ ಹೊಡೆದರೂ ‘ಜೀವಭಯ ಇತ್ತು’ ಅಂತ ಹೇಳೋದು ಕಷ್ಟ. ಪೊಲೀಸರನ್ನ ಕರೆಯೋಕೆ ಸಮಯ ಇದ್ದರೆ ಈ ಹಕ್ಕೇ ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತೆಯೂ ಇಲ್ಲ.

ಹಾಗಂತ ಗುಂಡಿನ ಎದುರು ನಿಂತವನು ತಕ್ಕಡಿ ಹಿಡಿದು ತೂಗಬೇಕು ಅಂತ ಕೋರ್ಟ್ ಹೇಳಲ್ಲ. ದರ್ಶನ್ ಸಿಂಗ್ ವಿರುದ್ಧ ಪಂಜಾಬ್ ರಾಜ್ಯ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ನ್ಯಾಯವಾದ ಭಯ ಇದ್ದರೆ ಸಾಕು, ಏಟು ಬೀಳೋವರೆಗೆ ಕಾಯಬೇಕಿಲ್ಲ ಅನ್ನೋ ಅರ್ಥದಲ್ಲೇ ತೀರ್ಪು ಕೊಟ್ಟಿದೆ. ಆದರೆ ಆತ್ಮರಕ್ಷಣೆ ಅಂತ ತೋರಿಸಿಕೊಡುವ ಹೊಣೆ ಗುಂಡು ಹಾರಿಸಿದವನದ್ದೇ. ಅಲ್ಲಿವರೆಗೆ ಎಫ್‌ಐಆರ್, ಗನ್ ಜಪ್ತಿ, ವಕೀಲರ ಫೀಸು, ಕೋರ್ಟ್ ಅಲೆದಾಟ ಇದ್ದದ್ದೇ.

ಚಿರತೆ ಎದುರಾದರೆ?

ನಮ್ಮ ತಾಲ್ಲೂಕಲ್ಲಿ ಮನುಷ್ಯನಿಗಿಂತ ಚಿರತೆಯ ಭಯವೇ ಹೆಚ್ಚು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ತಿ.ನರಸೀಪುರ ತಾಲ್ಲೂಕಿನಲ್ಲೇ ನಾಲ್ವರನ್ನು ಚಿರತೆ ಬಲಿ ಪಡೆಯಿತು. ಅದರಲ್ಲಿ ಕಾಲೇಜು ವಿದ್ಯಾರ್ಥಿ, ಕೆಬ್ಬೇಹುಂಡಿಯ ವಿದ್ಯಾರ್ಥಿನಿ, 11 ವರ್ಷದ ಬಾಲಕ ಸೇರಿದ್ದರು. ಕಂಡಲ್ಲಿ ಗುಂಡು ಹಾರಿಸುವ ಆದೇಶವೂ ಬಂತು. ಆದರೆ ಅದು ಇದ್ದದ್ದು ಅರಣ್ಯ ಇಲಾಖೆಗೆ, ಊರಿನವರಿಗಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸೋಕೆ ಪ್ರಾಮಾಣಿಕವಾಗಿ ಪ್ರಾಣಿಯನ್ನ ಕೊಂದರೆ ಅಪರಾಧ ಅಲ್ಲ. ಆದರೆ ಮೈಮೇಲೆ ಬೀಳದ ಚಿರತೆಯನ್ನ ಹುಡುಕಿಕೊಂಡು ಹೋಗಿ ಹೊಡೆದರೆ ಅದು ಬೇಟೆ, 3ರಿಂದ 7 ವರ್ಷ ಜೈಲು. ಸತ್ತ ಪ್ರಾಣಿ ಸರ್ಕಾರದ ಆಸ್ತಿ, ಉಗುರು, ಚರ್ಮ ಮುಟ್ಟೋ ಹಾಗಿಲ್ಲ. ಇನ್ನೊಂದು ಮಾತು: ಕಬ್ಬಿನ ಗದ್ದೆಯಲ್ಲಿ ಕತ್ತಲಲ್ಲಿ ಸದ್ದು ಬಂದ ಕಡೆ ಗುಂಡು ಹಾರಿಸಿದರೆ ಆ ಸದ್ದು ಪಕ್ಕದ ಗದ್ದೆಯ ರೈತನದ್ದೂ ಆಗಿರಬಹುದು.

ಕೊಡಗಿನವರಿಗೆ ಹೇಗೆ?

ಪಕ್ಕದ ಕೊಡಗಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ತಾರಲ್ಲ ಅಂತ ಕೇಳುವವರಿದ್ದಾರೆ. ಅದು ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಮಾತ್ರ ಕೇಂದ್ರ ಸರ್ಕಾರ ಕೊಟ್ಟಿರುವ ವಿನಾಯಿತಿ. 2019ರಲ್ಲಿ ಅದನ್ನ 2029ರವರೆಗೆ ವಿಸ್ತರಿಸಲಾಯಿತು, 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಮೈಸೂರು ಜಿಲ್ಲೆಯ ಉಳಿದವರಿಗೆ ಅದು ಅನ್ವಯಿಸಲ್ಲ. ಇಲ್ಲಿ ಲೈಸೆನ್ಸ್ ಇಲ್ಲದ ನಾಡಬಂದೂಕು ಸಿಕ್ಕರೆ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು ಮತ್ತು ದಂಡ. ‘ಆತ್ಮರಕ್ಷಣೆಗೆ ಇಟ್ಕೊಂಡಿದ್ದೆ’ ಅನ್ನೋ ಮಾತು ಅಲ್ಲಿ ನಡೆಯಲ್ಲ.

ಹಾಗಾದ್ರೆ ಮಾಡಬೇಕಾದ್ದೇನು?

ಜೀವಭಯ ನಿಜವಾಗಿದ್ದರೆ ಮೊದಲು ಠಾಣೆಯಲ್ಲಿ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ನಾಳೆ ಲೈಸೆನ್ಸ್ ಕೇಳಿದಾಗ ಕೆಲಸಕ್ಕೆ ಬರೋದು ಆ ಕಾಗದವೇ. ದಿನದ ವ್ಯಾಪಾರದ ದುಡ್ಡನ್ನ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ, ಒಬ್ಬರೇ ಒಯ್ಯಬೇಡಿ. ಅಂಗಡಿ ಸಿಸಿಟಿವಿಯ ರೆಕಾರ್ಡಿಂಗ್ ಪೆಟ್ಟಿಗೆಯನ್ನ ಗಲ್ಲಾ ಪಕ್ಕ ಬಿಟ್ಟು ಬೇರೆ ಕಡೆ ಇಡಿ. ಅಧಿಕಾರಿ ಅಂತ ಯಾರಾದರೂ ವಾಹನ ನಿಲ್ಲಿಸಿದರೆ ಹಣ ಬಿಟ್ಟು ಇಳಿಯುವ ಮೊದಲು 112ಕ್ಕೆ ಕರೆ ಮಾಡಿ. ಚಿರತೆ ಕಂಡರೆ ಅರಣ್ಯ ಇಲಾಖೆ ಸಹಾಯವಾಣಿ 1926.

ದರೋಡೆಕೋರ ಗನ್ ತೋರಿಸಿ ‘ದುಡ್ಡು ಇಡು’ ಅಂದರೆ ದುಡ್ಡು ಕೊಡಿ. ಹೋದ ಹಣಕ್ಕೆ ವಿಮೆ ಮಾಡಿಸಬಹುದು, ಹೋದ ಜೀವ ವಾಪಸ್ ಬರಲ್ಲ.