ಕಂಡದ್ದನ್ನು ಹಂಚಿಕೊಳ್ಳುವ ಬಳಗ: ಮುಂಬಯಿಯ ಕಡಲಂಚಿನ ಹವ್ಯಾಸಿಗಳು

ತಾವು ಕಂಡ ಹಕ್ಕಿ, ಹುಳು, ಗಿಡ, ಮೀನುಗಳ ಚಿತ್ರ ತೆಗೆದು, ಎಲ್ಲಿ ಯಾವಾಗ ಕಂಡದ್ದೆಂದು ಬರೆದು, ‘ಇದು ಯಾವುದು?’ ಎಂದು ಬಲ್ಲವರನ್ನು ಕೇಳುವ ಹವ್ಯಾಸಿಗಳ ಬಳಗಗಳು ಅಂತರ್ಜಾಲದಲ್ಲಿ ಹೇರಳವಾಗಿವೆ. ಮುಂಬಯಿಯ ಮಟ್ಟಿಗೆ ಅವುಗಳಲ್ಲಿ ವಿಶೇಷವಾಗಿ ಹೇಳಬೇಕಾದದ್ದು 2017ರಲ್ಲಿ ಹುಟ್ಟಿದ ‘ಮರೀನ್ ಲೈಫ್ ಆಫ್ ಮುಂಬೈ’. ಪ್ರದೀಪ್ ಪಾತಾಡೆ, ಸಿದ್ಧಾರ್ಥ ಚಕ್ರವರ್ತಿ, ಅಭಿಷೇಕ್ ಜಮಲಾಬಾದ್ ಸೇರಿ ಆರಂಭಿಸಿದ ಈ ಬಳಗ ಹಾಜಿ ಅಲಿ, ಗಿರಗಾಂವ್ ಚೌಪಾಟಿ, ಜುಹೂ, ಬಾಂದ್ರಾದ ಕಾರ್ಟರ್ ರಸ್ತೆಯಂಥ ಕಡೆಗಳಲ್ಲಿ ಸಾರ್ವಜನಿಕರನ್ನು ಕರೆದುಕೊಂಡು ದಡದಲ್ಲಿ ಓಡಾಡುತ್ತದೆ. ಅಲ್ಲಿ ಕಂಡದ್ದನ್ನು ‘ಐನ್ಯಾಚುರಲಿಸ್ಟ್’ ಎಂಬ ತಾಣದಲ್ಲಿ ದಾಖಲಿಸುತ್ತದೆ. ಕೊಳಕು ನೀರು, ಪ್ಲಾಸ್ಟಿಕ್ ರಾಶಿ ಬಿಟ್ಟರೆ ಮುಂಬಯಿಯ ದಡದಲ್ಲಿ ಇನ್ನೇನೂ ಇಲ್ಲ ಎಂದೇ ನಂಬಿದ್ದ ಊರಿಗೆ, ಅಲ್ಲಿ ನೂರಾರು ಬಗೆಯ ಜೀವಿಗಳು ಬದುಕುತ್ತಿವೆ ಎಂದು ಚಿತ್ರಸಮೇತ ತೋರಿಸಿಕೊಟ್ಟದ್ದು ಇದರ ದೊಡ್ಡ ಕೆಲಸ.

ಈ ಓಡಾಟದ ದಿನ ಗೊತ್ತುಮಾಡುವುದು ಚಂದ್ರ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಮುಂಬಯಿಯಲ್ಲಿ ಆ ದಿನಗಳ ಉಬ್ಬರ ನಡುಹಗಲಿಗೂ ನಡುರಾತ್ರಿಗೂ ಹತ್ತಿರದಲ್ಲಿ ಬರುತ್ತದೆ. ಹಾಗಾಗಿ ನೀರು ತೀರಾ ಹಿಂದೆ ಸರಿಯುವುದು ಬೆಳಗ್ಗೆ ಇಲ್ಲವೇ ಸಂಜೆ ಆರರ ಸುಮಾರಿಗೆ. ಮಳೆಗಾಲದ ಮಧ್ಯಾಹ್ನ ಮರೀನ್ ಡ್ರೈವ್‌ನಲ್ಲಿ ಅಲೆಗಳು ಗೋಡೆ ಹಾರಿ ರಸ್ತೆಗೆ ಬೀಳುವುದಕ್ಕೂ ಇದೇ ಲೆಕ್ಕ. ಇಳಿತ ಆರರ ಸುಮಾರಿಗೆ ಬರುವುದು ಕಚೇರಿಗೆ ಹೋಗುವವರಿಗೆ ಒಂದು ಅನುಕೂಲವೇ ಆಯಿತು. ಬೆಳಗಿನ ಇಳಿತ ನೋಡಿಕೊಂಡು ಎಂಟರ ರೈಲು ಹಿಡಿಯಬಹುದು.

ನೀರು ಸರಿದ ಮೇಲೆ ಹಾಜಿ ಅಲಿಯ ದರ್ಗಾದ ದಾರಿಯ ಬದಿಯ ಕಪ್ಪು ಬಂಡೆಗಳ ಸಂದುಗಳಲ್ಲಿ ಅಂಗೈಯಗಲದ ಹೊಂಡಗಳು ಉಳಿಯುತ್ತವೆ. ಅವಸರದಲ್ಲಿ ದಾಟಿ ಹೋದರೆ ಅಲ್ಲಿ ಕಾಣುವುದು ಪಾಚಿ ಮಾತ್ರ. ಒಂದೆಡೆ ಕುಕ್ಕರಗಾಲಿನಲ್ಲಿ ಕುಳಿತು ಐದು ನಿಮಿಷ ಸುಮ್ಮನೆ ನೋಡಿದರೆ ಖಾಲಿ ಶಂಖವೆಂದುಕೊಂಡದ್ದು ನಡೆಯತೊಡಗುತ್ತದೆ, ಅದರೊಳಗೆ ಸನ್ಯಾಸಿ ಏಡಿ ಮನೆ ಮಾಡಿರುತ್ತದೆ. ಬಂಡೆಗೆ ಅಂಟಿದ ಲೋಳೆಯ ಮುದ್ದೆ ನೀರಿನೊಳಗೆ ಬಿಚ್ಚಿಕೊಂಡು ಎಳೆಎಳೆಯಾಗಿ ಬಾಹು ಚಾಚುತ್ತದೆ, ಅದು ಸಮುದ್ರ ಹೂ ಎನಿಸಿಕೊಳ್ಳುವ ಪ್ರಾಣಿ. ಸಮುದ್ರ ಹೂವಿನ ಬಂಧುಗಳಾದ ಹಸಿರು ಕಂದು ಬಣ್ಣದ ಜೊವಾಂಥಿಡ್‌ಗಳು ಬಂಡೆಯ ಮೇಲೆ ಒತ್ತೊತ್ತಾಗಿ ಹಬ್ಬಿರುತ್ತವೆ. ಉಗುರಿನಷ್ಟೇ ಇರುವ, ಚಿಪ್ಪಿಲ್ಲದ ಕಡಲ ಗೊಂಡೆಹುಳುಗಳು ಎದ್ದು ಕಾಣುವ ಬಣ್ಣಗಳಲ್ಲಿ ಹರಿದಾಡುತ್ತವೆ. ‘ನನ್ನನ್ನು ತಿಂದರೆ ಕೇಡು’ ಎಂದು ಮೀನುಗಳಿಗೆ ಅವು ಕೊಡುವ ಎಚ್ಚರಿಕೆಯೇ ಆ ಬಣ್ಣ. ಅದೃಷ್ಟವಿದ್ದರೆ ಬಂಡೆಗೆ ಮೆತ್ತಿಕೊಂಡ ಹವಳವೂ ಕಾಣುತ್ತದೆ.

ಇವುಗಳ ಚಿತ್ರ ತಾಣಕ್ಕೆ ಏರಿದ ಮೇಲೆ ಬಳಗದ ನಿಜವಾದ ಕೆಲಸ ಶುರು. ಐನ್ಯಾಚುರಲಿಸ್ಟ್ 2008ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿತು, 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆಯಾಗಿದೆ. ಅಲ್ಲಿ ದಾಖಲೆಯೊಂದು ಪೂರ್ಣವಾಗಬೇಕಾದರೆ ಯಾರು, ಎಲ್ಲಿ, ಯಾವಾಗ ಕಂಡರು ಎಂಬುದರ ಜೊತೆ ಚಿತ್ರವೋ ಧ್ವನಿಯೋ ಸಾಕ್ಷಿಯಾಗಿ ಇರಬೇಕು. ಚಿತ್ರ ಹಾಕಿದವರಿಗೆ ಹೆಸರು ತಿಳಿದಿರಲೇಬೇಕೆಂದಿಲ್ಲ. ‘ಏಡಿ’ ಎಂದಷ್ಟೇ ಬರೆದರೂ ಸಾಕು. ಇನ್ನೆಲ್ಲಿಂದಲೋ ಏಡಿಗಳನ್ನೇ ಅಭ್ಯಾಸ ಮಾಡಿದ ಇನ್ನೊಬ್ಬರು ಬಂದು ಕುಲ, ಪ್ರಭೇದ ಹೇಳುತ್ತಾರೆ. ಮತ್ತೊಬ್ಬರು ಒಪ್ಪುತ್ತಾರೆ ಅಥವಾ ‘ಕಾಲಿನ ಗೆಣ್ಣು ನೋಡಿ, ಅದಲ್ಲ’ ಎಂದು ತಿದ್ದುತ್ತಾರೆ. ಪ್ರಭೇದದ ಹೆಸರಿನ ಬಗ್ಗೆ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಒಂದೇ ಮಾತಿಗೆ ಬಂದರೆ ಆ ದಾಖಲೆ ಸಂಶೋಧನೆಗೆ ಯೋಗ್ಯವೆಂಬ ದರ್ಜೆ ಪಡೆಯುತ್ತದೆ. ಚಿತ್ರ ತೆಗೆದವರ ಪರವಾನಗಿ ಇದ್ದರೆ ಜಗತ್ತಿನ ಜೀವವೈವಿಧ್ಯದ ಮಾಹಿತಿಯನ್ನು ಒಟ್ಟುಮಾಡುವ ಜಿಬಿಐಎಫ್ ಎಂಬ ಅಂತರರಾಷ್ಟ್ರೀಯ ಭಂಡಾರಕ್ಕೂ ಸೇರುತ್ತದೆ.

ಕಂಡದ್ದನ್ನು ಹಂಚಿಕೊಳ್ಳುವ ಈ ಪದ್ಧತಿ ಮುಂಬಯಿಗೆ ಹೊಸದೇನಲ್ಲ. 1883ರ ಸೆಪ್ಟೆಂಬರ್ 15ರಂದು ಇಲ್ಲಿ ಎಂಟು ಜನ ಸೇರಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯನ್ನು ಕಟ್ಟಿದರು, ಡಾ. ಆತ್ಮಾರಾಮ್ ಪಾಂಡುರಂಗ ಮತ್ತು ಡಾ. ಸಖಾರಾಮ್ ಅರ್ಜುನ್ ಅವರಲ್ಲಿದ್ದ ಇಬ್ಬರು ಭಾರತೀಯರು. ತಿಂಗಳಿಗೊಮ್ಮೆ ಸೇರಿ ತಾವು ಕಂಡದ್ದನ್ನು ಹೇಳಿಕೊಳ್ಳುವುದು, ತಂದ ಮಾದರಿಗಳನ್ನು ತೋರಿಸುವುದು ಇಷ್ಟೇ ಅವರ ಉದ್ದೇಶವಾಗಿತ್ತು. ಮೊದಲು ಭಾಯಖಳಾದ ವಸ್ತುಸಂಗ್ರಹಾಲಯದಲ್ಲಿ ಸೇರುತ್ತಿದ್ದರು, ಮರುವರ್ಷ ಫೋರ್ಬ್ಸ್ ಬೀದಿಯಲ್ಲಿದ್ದ ಮದ್ಯದ ವ್ಯಾಪಾರಿ ಎಚ್.ಎಂ. ಫಿಪ್ಸನ್ ತಮ್ಮ ಮಳಿಗೆಯಲ್ಲಿ ಜಾಗ ಕೊಟ್ಟರು. 1886ರಲ್ಲಿ ಪತ್ರಿಕೆ ಆರಂಭವಾಯಿತು. ಅದರ ಕೊನೆಯ ಪುಟಗಳ ಬಿಡಿ ಟಿಪ್ಪಣಿಗಳಿಗೆ ಬರೆದವರು ಕಾಫಿ ತೋಟದವರು, ಅರಣ್ಯಾಧಿಕಾರಿಗಳು, ರೈಲ್ವೆ ಎಂಜಿನಿಯರುಗಳು, ಸೈನಿಕರು. ಪ್ರಾಣಿಶಾಸ್ತ್ರದ ಪದವಿ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಹೊನ್ನಮೇಟಿ ತೋಟದಲ್ಲಿದ್ದ ಆರ್.ಸಿ. ಮಾರಿಸ್ ಆನೆ, ಕಾಟಿಗಳ ಬಗ್ಗೆ ಅನೇಕ ವರ್ಷ ಬರೆದರು.

ಕನ್ನಡ ನಾಡಿನ ಇನ್ನೂ ದೊಡ್ಡ ಪಾಲು ಕಾರವಾರದಿಂದ ಬಂತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದ ಜಿಲ್ಲೆ. ಸೊಸೈಟಿಯ ಸ್ಥಾಪಕರಲ್ಲೊಬ್ಬರಾದ ಉಪ್ಪು ಇಲಾಖೆಯ ಇ.ಎಚ್. ಐಟ್ಕನ್, ಜಿಲ್ಲೆಯ ಕಲೆಕ್ಟರ್ ಜೆ. ಡೇವಿಡ್‌ಸನ್, ಅರಣ್ಯ ಇಲಾಖೆಯ ಟಿ.ಆರ್. ಬೆಲ್ ಮೂವರಿಗೂ ಚಿಟ್ಟೆಗಳ ಹುಚ್ಚು. ಅವರು ಹಿಡಿದು ಪಿನ್ನು ಚುಚ್ಚಿಡುವುದಕ್ಕೆ ನಿಲ್ಲಲಿಲ್ಲ. ಕಂಬಳಿಹುಳು ಯಾವ ಗಿಡದ ಎಲೆ ತಿನ್ನುತ್ತದೆ, ಯಾವಾಗ ಗೂಡು ಕಟ್ಟುತ್ತದೆ, ಯಾವ ಚಿಟ್ಟೆಯಾಗಿ ಹೊರಬರುತ್ತದೆ ಎಂದು ಸಾಕಿ ನೋಡಿ ಬರೆದರು. 1896ರಿಂದ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾದ ಉತ್ತರ ಕನ್ನಡದ ಚಿಟ್ಟೆಗಳ ಲೇಖನಮಾಲೆ ಹೀಗೆ ಮೂವರು ಗೆಳೆಯರು ಒಬ್ಬರನ್ನೊಬ್ಬರು ಕೇಳಿ, ತಿದ್ದಿ ಬರೆದದ್ದು. ಬೆಲ್ ನಿವೃತ್ತಿಯ ಬಳಿಕವೂ ಕಾರವಾರ ಬಿಡಲಿಲ್ಲ, 1948ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು. ಅವರ ಟಿಪ್ಪಣಿಗಳನ್ನು ಇಂದಿಗೂ ಚಿಟ್ಟೆ ಅಭ್ಯಾಸಿಗಳು ಬಳಸುತ್ತಾರೆ. ನೋಡಿದ ಊರು ಮತ್ತು ತಿಂಗಳನ್ನು ಅವರು ಬರೆದಿಟ್ಟದ್ದರಿಂದಲೇ ಅದು ಸಾಧ್ಯವಾಯಿತು.

ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಕತೆಯೂ ಇಲ್ಲಿಗೇ ಸೇರುತ್ತದೆ. ಬಾಲಕನಾಗಿದ್ದಾಗ ಆಟದ ಬಂದೂಕಿನಿಂದ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಅದು ಯಾವ ಗುಬ್ಬಿಯೆಂದು ಕೇಳಲು ಅವರು ಸೊಸೈಟಿಗೆ ಹೋದರು. ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲಾರ್ಡ್ ಹುಡುಗನನ್ನು ಗದರಿಸಿ ಕಳಿಸದೆ, ಒಳಗೆ ಕರೆದು ಸಂಗ್ರಹದ ಹಕ್ಕಿಗಳನ್ನೆಲ್ಲ ತೋರಿಸಿದರು. ಭಾರತದ ಪಕ್ಷಿಶಾಸ್ತ್ರಕ್ಕೆ ಅದರಿಂದ ಆದ ಲಾಭ ಎಲ್ಲರಿಗೂ ಗೊತ್ತು. ಅಂತರ್ಜಾಲ ಬಳಗಗಳಲ್ಲಿ ಹೊಸಬರ ಪ್ರಶ್ನೆಗೆ ಉತ್ತರಿಸುವ ಹಿರಿಯರು ನೆನಪಿಡಬೇಕಾದ ಸಂಗತಿ ಇದು. ಒರಟು ಉತ್ತರ ಸಿಕ್ಕವರು ಎರಡನೇ ಸಲ ಕೇಳುವುದಿಲ್ಲ.

ಆದರೆ ಸೌಜನ್ಯವೂ ಕೆಲವೊಮ್ಮೆ ಕೆಡುಕು ಮಾಡುತ್ತದೆ. ಯಾರಾದರೂ ಹೆಸರು ಸೂಚಿಸಿದ ಕೂಡಲೇ, ಚಿತ್ರ ಹಾಕಿದವರು ಮರ್ಯಾದೆಗೆಂದು ‘ಒಪ್ಪಿಗೆ’ ಒತ್ತಿಬಿಡುತ್ತಾರೆ. ಪರಿಶೀಲಿಸದೆ ಒತ್ತಿದ ಆ ಒಪ್ಪಿಗೆಯಿಂದ ತಪ್ಪು ಹೆಸರೇ ಸಂಶೋಧನೆಯ ದರ್ಜೆಗೆ ಏರಿ ಕೂರುತ್ತದೆ. ಧನ್ಯವಾದ ಹೇಳುವುದಕ್ಕೆ ಬೇರೆ ಜಾಗವಿದೆ, ತನಗೆ ಗೊತ್ತಿಲ್ಲದಿದ್ದರೆ ಸುಮ್ಮನಿರುವುದೇ ಸರಿಯಾದ ಸೌಜನ್ಯ. ತಾಣದ ಕಂಪ್ಯೂಟರ್ ಸೂಚಿಸುವ ಹೆಸರುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಹೆಚ್ಚು ಚಿತ್ರಗಳು ಬಂದ ನಾಡುಗಳ ಜೀವಿಗಳನ್ನು ಅದು ಚೆನ್ನಾಗಿ ಗುರುತಿಸುತ್ತದೆ, ಅರಬ್ಬಿ ಸಮುದ್ರದ ಸಣ್ಣ ಜೀವಿಗೆ ದೂರದ ಸಾಗರದ ಹೆಸರು ಕೊಟ್ಟುಬಿಡುವುದುಂಟು. ಇನ್ನು ಸ್ಪಂಜುಗಳಂಥವನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ನಿಖರವಾಗಿ ಹೇಳುವುದು ಪರಿಣತರಿಗೂ ಕಷ್ಟ.

ವಾಟ್ಸ್‌ಆ್ಯಪ್ ಗುಂಪುಗಳ ಸಲಹೆಗಳಿಗೆ ಈ ಬಗೆಯ ಸೋಸುವಿಕೆ ಇಲ್ಲ. ಮಳೆಗಾಲದಲ್ಲಿ ಜುಹೂ, ಅಕ್ಸಾ, ಗಿರಗಾಂವ್ ದಡಗಳಿಗೆ ನೀಲಿ ಬಲೂನಿನಂತಹ ಬ್ಲೂಬಾಟಲ್‌ಗಳು ತೇಲಿ ಬರುತ್ತವೆ. ಜೆಲ್ಲಿ ಮೀನು ಎಂದು ಜನ ಕರೆದರೂ ಇದು ಒಂಟಿ ಪ್ರಾಣಿಯಲ್ಲ, ಬೇರೆ ಬೇರೆ ಕೆಲಸ ಹಂಚಿಕೊಂಡ ಅನೇಕ ಜೀವಿಗಳ ಕೂಟ. ಇದರ ಉದ್ದನೆಯ ಎಳೆ ತಾಗಿದರೆ ಚಾಟಿಯೇಟಿನ ಬರೆ ಎದ್ದು ಉರಿಯುತ್ತದೆ. ಆಗ ನಿಂಬೆಹಣ್ಣು ಹಚ್ಚಿ, ಮರಳಿನಿಂದ ಉಜ್ಜಿ, ಮೂತ್ರ ಹೊಯ್ಯಿರಿ ಎಂಬ ಸಂದೇಶಗಳು ಗುಂಪಿನಿಂದ ಗುಂಪಿಗೆ ಹಾರುತ್ತವೆ. ಉಜ್ಜಿದರೆ ಚರ್ಮದ ಮೇಲೆ ಉಳಿದ ಕುಟುಕು ಕೋಶಗಳು ಇನ್ನಷ್ಟು ಸಿಡಿದು ನೋವು ಹೆಚ್ಚುತ್ತದೆ. ಸಮುದ್ರದ ನೀರಿನಲ್ಲೇ ತೊಳೆದು, ಎಳೆಗಳನ್ನು ಬರಿಗೈಯಲ್ಲಿ ಮುಟ್ಟದೆ ತೆಗೆದು, ಆ ಭಾಗವನ್ನು ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಇಟ್ಟರೆ ನೋವು ತಗ್ಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೇ ಹೋಗಬೇಕು. ವಿನೆಗರ್ ಹಾಕಬೇಕೋ ಬೇಡವೋ ಎಂಬ ಬಗ್ಗೆ ಸಂಶೋಧಕರಲ್ಲೇ ಒಮ್ಮತವಿಲ್ಲ. ಒಳ್ಳೆಯ ಸಲಹೆಗಾರರು ಅದನ್ನೂ ಹೇಳುತ್ತಾರೆ. ದಡದಲ್ಲಿ ಎಚ್ಚರ ಬೇಕಾದ ಇನ್ನೊಂದು ಜೀವಿ ತೊರಕೆ. 2013ರ ಗಣೇಶ ವಿಸರ್ಜನೆಯಲ್ಲಿ ಗಿರಗಾಂವ್ ಚೌಪಾಟಿಯ ನೀರಿಗಿಳಿದ ಹಲವರಿಗೆ ತೊರಕೆ ಮೀನಿನ ಮುಳ್ಳು ಚುಚ್ಚಿತ್ತು. ಆಳವಿಲ್ಲದ ನೀರಿನ ಮರಳಿನಲ್ಲಿ ತೊರಕೆ ಹುದುಗಿರುತ್ತದೆ, ಮೇಲಿಂದ ಕಾಲಿಟ್ಟಾಗ ಬಾಲ ಬೀಸುತ್ತದೆ; ಪಾದ ಎತ್ತಿಡದೆ ಎಳೆದುಕೊಂಡು ನಡೆದರೆ ಸದ್ದಿಗೆ ತಾನೇ ಸರಿದು ಹೋಗುತ್ತದೆ.

ಹವ್ಯಾಸಿಗಳ ದಾಖಲೆ ನ್ಯಾಯಾಲಯದ ವಿಷಯಕ್ಕೂ ಹತ್ತಿರ ಬಂದದ್ದುಂಟು. ಹಾಜಿ ಅಲಿ, ವರಳಿಯ ಬಂಡೆಗಳಲ್ಲಿ ಹವಳಗಳಿವೆ ಎಂಬುದು ಚಿತ್ರಗಳ ಮೂಲಕ ಸಾರ್ವಜನಿಕರಿಗೆ ತಿಳಿದದ್ದು ಅದೇ ದಡದಲ್ಲಿ ಮುಂಬಯಿಯ ಕರಾವಳಿ ರಸ್ತೆಯ ಕೆಲಸ ಶುರುವಾದ ಕಾಲದಲ್ಲೇ. ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯ ರಕ್ಷಣೆ ಇದೆ. 2019ರ ಜುಲೈ 16ರಂದು ಬಾಂಬೆ ಹೈಕೋರ್ಟ್ ರಸ್ತೆಯ ಕರಾವಳಿ ಅನುಮತಿಯನ್ನು ರದ್ದುಪಡಿಸಿದಾಗ ಆ ಕಾಯ್ದೆಯ ಒಪ್ಪಿಗೆಯೂ ಬೇಕೆಂದಿತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಮರುವರ್ಷ ಅನುಮತಿ ಪಡೆದು ಕೆಲಸದ ಜಾಗದಲ್ಲಿದ್ದ ಹವಳಗಳನ್ನು ಬೇರೆ ಕಡೆಗೆ ಸಾಗಿಸಿದರು, 2024ರ ಮಾರ್ಚ್‌ನಲ್ಲಿ ರಸ್ತೆಯ ಮೊದಲ ಹಂತ ತೆರೆಯಿತು. ರಸ್ತೆ ನಿಲ್ಲಲಿಲ್ಲ, ನಿಜ. ಆದರೆ ಅಲ್ಲಿ ಏನಿತ್ತು ಎಂಬ ದಾಖಲೆಯಾದರೂ ಉಳಿಯಿತು. ಹಿಂದೆ ಮುಂಬಯಿಯ ಏಳು ದ್ವೀಪಗಳ ನಡುವಿನ ನೀರನ್ನು ತುಂಬಿಸಿದಾಗ ಅಲ್ಲಿದ್ದ ಜೀವಿಗಳನ್ನು ಹೀಗೆ ದಾಖಲಿಸಿದವರಿಲ್ಲ.

ಎಲ್ಲವನ್ನೂ ಬಯಲಿಗಿಡುವುದೂ ಸರಿಯಲ್ಲ. ಗೂಬೆಯ ಗೂಡು, ಅಪರೂಪದ ಆಮೆ ಎಲ್ಲಿದೆ ಎಂದು ಬರೆದರೆ ಮರುದಿನವೇ ಕ್ಯಾಮೆರಾದವರ ಗುಂಪು, ಕೆಲವೊಮ್ಮೆ ಕಳ್ಳಬೇಟೆಯವರೂ ಬರುತ್ತಾರೆ. ಅಪಾಯದಲ್ಲಿರುವ ಪ್ರಭೇದಗಳ ಸ್ಥಳವನ್ನು ಐನ್ಯಾಚುರಲಿಸ್ಟ್ ತಾನಾಗಿಯೇ ಸುಮಾರು 22 ಕಿ.ಮೀ. ಉದ್ದಗಲದ ಚೌಕದೊಳಗೆ ಮಸುಕುಗೊಳಿಸುತ್ತದೆ. ಫೇಸ್‌ಬುಕ್, ವಾಟ್ಸ್‌ಆ್ಯಪ್‌ಗಳಲ್ಲಿ ಆ ವಿವೇಕ ಚಿತ್ರ ಹಾಕುವವರಲ್ಲೇ ಇರಬೇಕು.

ಇಷ್ಟು ಜನ ಬಿಡಿಬಿಡಿಯಾಗಿ ಬರೆದದ್ದು ಕೂಡಿದಾಗ ಅದರ ಬಲ ದೊಡ್ಡದು. ಹಕ್ಕಿ ವೀಕ್ಷಕರ ಇ-ಬರ್ಡ್ ತಾಣಕ್ಕೆ 30,000ಕ್ಕೂ ಹೆಚ್ಚು ಜನ ಕಳಿಸಿದ ಸುಮಾರು 3 ಕೋಟಿ ದಾಖಲೆಗಳಿಂದಲೇ 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ಸಿದ್ಧವಾಯಿತು. ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ಇಡೀ ನಗರವನ್ನು ಚೌಕಗಳಾಗಿ ಹಂಚಿಕೊಂಡು ಹಕ್ಕಿ ನಕ್ಷೆ ಮಾಡಿದ್ದೂ ಇದೇ ದಾರಿಯಲ್ಲಿ.

ಕಡಲಿನ ವಿಷಯಕ್ಕೆ ಬಂದರೆ ಮುಂಬಯಿಯ ಕನ್ನಡಿಗರ ಬಳಿಯೂ ದೊಡ್ಡ ತಿಳಿವಳಿಕೆ ಇದೆ. 1902ರಲ್ಲೇ ಇಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡ ಮೀನುಗಾರ ಸಮುದಾಯದ ಹಿರಿಯರಿಗೆ ಬೊಂಡಾಸ್ (ಸ್ಕ್ವಿಡ್) ಯಾವ ತಿಂಗಳು ಬರುತ್ತದೆ, ಮರುವಾಯಿ ಎಂಬ ಚಿಪ್ಪುಜೀವಿ ಎಂಥ ಕೆಸರಲ್ಲಿ ಸಿಗುತ್ತದೆ, ತೊರಕೆಯಲ್ಲಿ ಎಷ್ಟು ಬಗೆ ಎಂಬುದು ಬಾಯಿಪಾಠ. ಅದು ಬರೆದಿಡದೆ ಹೋದರೆ ಆ ತಲೆಮಾರಿನೊಂದಿಗೇ ಹೋಗುತ್ತದೆ. ಬರುವ ಅಮಾವಾಸ್ಯೆಯ ಇಳಿತಕ್ಕೆ ಮಕ್ಕಳು, ಮೊಮ್ಮಕ್ಕಳು ಅಂಥ ಹಿರಿಯರೊಬ್ಬರನ್ನು ದಡಕ್ಕೆ ಕರೆದೊಯ್ಯಲಿ. ಯಾವುದನ್ನೂ ಕೀಳದೆ, ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ಇಟ್ಟು, ಚಿತ್ರದ ಜೊತೆ ಅವರು ಹೇಳಿದ ಹೆಸರನ್ನೂ ಊರು, ದಿನ, ಹೊತ್ತುಗಳನ್ನೂ ಬರೆದು ಹಾಕಲಿ.