ಪಾತ್ರಾಭಿನಯದ ಆಟಗಳು ಮತ್ತು ಮಕ್ಕಳ ಓದು-ಬರಹ

ಪೀಠಿಕೆ

2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತಾ ಪ್ರಮಾಣವು ಶೇ. 51.83ರಷ್ಟಿದ್ದು, ರಾಜ್ಯದ ಜಿಲ್ಲೆಗಳಲ್ಲಿಯೇ ಅತ್ಯಂತ ಕಡಿಮೆಯಾಗಿತ್ತು. ಅದೇ ವರ್ಷ ರಾಜ್ಯದ ಸರಾಸರಿ ಪ್ರಮಾಣವು ಶೇ. 75.36ರಷ್ಟಿತ್ತು. ಓದು ಬಾರದವರು ಅರ್ಜಿ ನಮೂನೆಯೊಂದನ್ನು ಭರ್ತಿ ಮಾಡಲು ಸಹ ಅನ್ಯರನ್ನು ಅವಲಂಬಿಸಬೇಕಾಗುತ್ತದೆ. ಅದರಲ್ಲಿ ಏನು ಬರೆಯಲಾಗಿದೆ ಎಂಬುದನ್ನು ತಿಳಿಯದೆ ಹೆಬ್ಬೆಟ್ಟು ಒತ್ತಬೇಕಾಗುತ್ತದೆ. ಶಾಲೆಯಲ್ಲಿ ಕಲಿತ ಅಕ್ಷರಗಳು ನಿತ್ಯದ ಬಳಕೆಯಲ್ಲಿ ಉಳಿಯಬೇಕಾದರೆ ಮಕ್ಕಳಿಗೆ ಓದುವ ಕಾರಣವೊಂದು ಬೇಕು. ಪಾತ್ರಾಭಿನಯದ ಆಟಗಳು ಅಂತಹ ಕಾರಣವನ್ನು ಒದಗಿಸುತ್ತವೆ.

ಆಟದ ಸ್ವರೂಪ

1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೂಲಕ ಈ ಬಗೆಯ ಆಟಗಳು ಪ್ರಚಾರಕ್ಕೆ ಬಂದವು. ನಾಲ್ಕೈದು ಜನರು ಒಟ್ಟಾಗಿ ಕುಳಿತು ಆಡುವ ಈ ಆಟದಲ್ಲಿ ಒಬ್ಬರು ಸೂತ್ರಧಾರರಾಗಿ ಕಥೆಯ ಸನ್ನಿವೇಶವನ್ನು ವಿವರಿಸುತ್ತಾರೆ. ಉಳಿದವರು ಒಂದೊಂದು ಪಾತ್ರವನ್ನು ವಹಿಸಿಕೊಂಡು ಮುಂದಿನ ನಡೆಯನ್ನು ನಿರ್ಧರಿಸುತ್ತಾರೆ. ಕಾರ್ಯವು ಸಿದ್ಧಿಸಿತೇ ಇಲ್ಲವೇ ಎಂಬುದನ್ನು ದಾಳ ತೀರ್ಮಾನಿಸುತ್ತದೆ.

ಉತ್ತರ ಕರ್ನಾಟಕದ ದೊಡ್ಡಾಟವನ್ನು ಬಲ್ಲವರಿಗೆ ಈ ರೀತಿಯು ತೀರ ಹೊಸದೇನಲ್ಲ. ರಂಗಕ್ಕೆ ಬಂದ ಪಾತ್ರವನ್ನು ಸಾರಥಿಯು ಯಾರು, ಎತ್ತಣವರು ಎಂದು ಪ್ರಶ್ನಿಸಿ ಮಾತನಾಡಿಸುತ್ತಾನೆ. ದೊಡ್ಡಾಟದಲ್ಲಿ ಕಥೆಯ ಅಂತ್ಯವು ಮೊದಲೇ ಗೊತ್ತಿರುತ್ತದೆ. ಈ ಆಟದಲ್ಲಿ ಅದನ್ನು ಆಡುವವರೇ ನಿರ್ಧರಿಸುತ್ತಾರೆ.

ಓದು-ಬರಹಕ್ಕೆ ಆಗುವ ಪ್ರಯೋಜನಗಳು

1. ನಿಯಮಗಳನ್ನೂ ಪಾತ್ರದ ವಿವರಗಳನ್ನೂ ಓದದೆ ಆಟ ಮುಂದುವರಿಯುವುದಿಲ್ಲ. ಆದುದರಿಂದ ಮಗುವು ಒತ್ತಾಯವಿಲ್ಲದೆ ಓದುತ್ತದೆ.
2. ಪಾತ್ರದ ಹೆಸರು, ಗುಣ, ಬಳಿಯಿರುವ ವಸ್ತುಗಳು ಮತ್ತು ನಡೆದ ಸಂಗತಿಗಳನ್ನು ಹಾಳೆಯಲ್ಲಿ ಬರೆದಿಡಬೇಕಾಗುವುದರಿಂದ ಬರವಣಿಗೆಯ ಅಭ್ಯಾಸವಾಗುತ್ತದೆ.
3. ಮನೆಮಾತಿನಲ್ಲಿಲ್ಲದ ಪದಗಳ ಅರ್ಥವು ಸನ್ನಿವೇಶದಿಂದಲೇ ತಿಳಿಯುತ್ತದೆ.

ಉದಾಹರಣೆ

1858ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಸುರಪುರದ ರಾಜಾ ವೆಂಕಟಪ್ಪ ನಾಯಕರ ಕಾಲವನ್ನು ಆಟಕ್ಕೆ ವಸ್ತುವಾಗಿ ಆರಿಸಿಕೊಳ್ಳಬಹುದು. ಮಕ್ಕಳು ದೂತ, ಕಾವಲುಗಾರ, ರೈತ ಮುಂತಾದ ಕಲ್ಪಿತ ಪಾತ್ರಗಳನ್ನು ವಹಿಸುತ್ತಾರೆ. ಸೂತ್ರಧಾರರು ದೂತನಿಗೆ ಒಂದು ಪತ್ರವನ್ನು ಕೊಡುತ್ತಾರೆ. ಪತ್ರದಲ್ಲಿ ಸೂಚಿಸಿದ ದಾರಿಯನ್ನು ತಪ್ಪಾಗಿ ಓದಿದಲ್ಲಿ ಇಡೀ ತಂಡವು ದಾರಿ ತಪ್ಪುತ್ತದೆ. ಆಟ ಮುಗಿದ ನಂತರ ನೈಜ ಇತಿಹಾಸವನ್ನು ಪುಸ್ತಕದಿಂದ ಓದಿ, ಎಲ್ಲೆಲ್ಲಿ ವ್ಯತ್ಯಾಸವಾಯಿತೆಂದು ಚರ್ಚಿಸಬಹುದು.

ಗಮನಿಸಬೇಕಾದ ಅಂಶಗಳು

* ನಿಯಮಗಳು ಒಂದು ಪುಟವನ್ನು ಮೀರದಿರಲಿ. ಹಾಳೆ, ಪೆನ್ಸಿಲ್ ಮತ್ತು ಒಂದು ದಾಳ ಇದ್ದರೆ ಸಾಕು. ದಾಳವಿಲ್ಲದಿದ್ದಲ್ಲಿ ಕವಡೆಗಳನ್ನು ಬಳಸಬಹುದು.
* ಓದಲು ತಡವರಿಸುವ ಮಗುವಿಗೆ ಜೊತೆಗಾರರನ್ನು ನೀಡಬೇಕು. ತಪ್ಪು ಓದಿದಾಗ ಇತರರು ನಗದಂತೆ ಸೂತ್ರಧಾರರು ನೋಡಿಕೊಳ್ಳಬೇಕು.
* ಈ ಆಟವು ಶಾಲಾ ಪಾಠಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಗ್ರಂಥಾಲಯ ಸದಸ್ಯತ್ವ

ಆಟಕ್ಕೆ ಬೇಕಾದ ಕಥೆ ಹಾಗೂ ಇತಿಹಾಸದ ಪುಸ್ತಕಗಳಿಗಾಗಿ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಬಳಸಿಕೊಳ್ಳಬಹುದು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ 6ರಿಂದ 18 ವರ್ಷದೊಳಗಿನ ಮಕ್ಕಳಿಗೆ ಈ ಗ್ರಂಥಾಲಯಗಳಲ್ಲಿ ಉಚಿತ ಸದಸ್ಯತ್ವದ ಅವಕಾಶ ಕಲ್ಪಿಸಲಾಗಿದೆ. ಬಳಿಚಕ್ರ ಹಾಗೂ ಯಾದಗಿರಿ, ಶಹಾಪುರ, ಸುರಪುರ ಭಾಗದ ಇತರ ಗ್ರಾಮಗಳ ಪಾಲಕರು ಸದಸ್ಯತ್ವದ ಬಗ್ಗೆ ತಮ್ಮ ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಬಹುದು. ಅರ್ಜಿ ಸಲ್ಲಿಸುವಾಗ ಮಗುವನ್ನೂ ಜೊತೆಗೆ ಕರೆದೊಯ್ದು, ಅದರ ಹೆಸರನ್ನು ಅದರ ಕೈಯಿಂದಲೇ ಬರೆಸುವುದು ಒಳಿತು.