ಚಿತ್ರ ಕೊಂಡವನದ್ದು, ಮುದ್ರೆ ರಾಜನದ್ದು

ಇವತ್ತು ಒಂದು ಜಮೀನು ಪತ್ರದ ವಿಷಯ ಮಾತಾಡೋಣ. ನಮ್ಮ ಪಹಣಿ, ಖಾತೆ ಅಲ್ಲ. 16ನೇ ಶತಮಾನದ ಇಂಗ್ಲೆಂಡಿನದ್ದು.

1536ರಿಂದ 1540ರೊಳಗೆ ಎಂಟನೇ ಹೆನ್ರಿ ಸುಮಾರು 800 ಕ್ರೈಸ್ತ ಮಠಗಳನ್ನು ಮುಚ್ಚಿಸಿದ. ಅವುಗಳ ಹೊಲ, ಕಾಡು, ಗಿರಣಿ ಎಲ್ಲ ರಾಜನ ಪಾಲಾಯ್ತು. ಅದರಲ್ಲಿ ಬಹುಪಾಲನ್ನು ಕ್ರಮೇಣ ಮಾರಿಬಿಟ್ಟರು. ಕೊಂಡವರ ಕೈಗೆ ಬಂದದ್ದು 'ಲೆಟರ್ಸ್ ಪೇಟೆಂಟ್', ಅಂದ್ರೆ ಮಡಚಿ ಮುಚ್ಚದೆ, ಯಾರು ಬೇಕಾದರೂ ಓದಲಿ ಅಂತ ತೆರೆದಿಟ್ಟ ರಾಜಪತ್ರ. ಇವತ್ತಿನ ಪೇಟೆಂಟ್ ಅನ್ನೋ ಮಾತು ಬಂದಿದ್ದೂ ಇಲ್ಲಿಂದಲೇ.

ಇಂಥ ಪತ್ರದ ಚಿತ್ರ ನೋಡಿದಾಗೆಲ್ಲ ನನ್ನ ಕಣ್ಣು ಮೊದಲು ಹೋಗೋದು ಎಡ ಮೂಲೆಗೆ. ರಾಜನ ಹೆಸರಿನ ಮೊದಲ ಅಕ್ಷರವನ್ನು ದೊಡ್ಡದಾಗಿ ಬರೆದು, ಅದರೊಳಗೆ ಸಿಂಹಾಸನದ ಮೇಲೆ ಕೂತ ರಾಜನನ್ನೋ ರಾಣಿಯನ್ನೋ ಬಿಡಿಸಿರ್ತಾರೆ. ಕೆಲವದರಲ್ಲಿ ಚಿನ್ನದ ಬಣ್ಣ, ಅಂಚಿಗೆ ಹೂಬಳ್ಳಿ. ಇನ್ನು ಕೆಲವದರಲ್ಲಿ ಬರೀ ಕಪ್ಪು ಶಾಯಿಯ ಗೆರೆ. ಯಾಕೆ ಈ ವ್ಯತ್ಯಾಸ? ಅಲಂಕಾರದ ಖರ್ಚು ಪತ್ರ ಪಡೆಯುವವನದ್ದು! ದುಡ್ಡಿದ್ದಷ್ಟು ಚಿನ್ನ.

ಆದರೆ ಕಾನೂನಿನ ಕಣ್ಣಿಗೆ ಚಿತ್ರಕ್ಕೆ ಬೆಲೆಯೇ ಇಲ್ಲ. ಬೆಲೆ ಇದ್ದದ್ದು ಕೆಳಗೆ ಹುರಿಯಲ್ಲಿ ತೂಗುವ ಅಂಗೈ ಅಗಲದ ಮೇಣದ ಬಿಲ್ಲೆಗೆ. ಅದೇ ಗ್ರೇಟ್ ಸೀಲ್. ಜೇನುಮೇಣಕ್ಕೆ ರಾಳ ಬೆರೆಸಿ, ಮೆತ್ತಗೆ ಮಾಡಿ, ಎರಡು ಲೋಹದ ಅಚ್ಚುಗಳ ನಡುವೆ ಒತ್ತುತ್ತಿದ್ದರು. ಒಂದು ಮುಖದಲ್ಲಿ ಸಿಂಹಾಸನ, ಇನ್ನೊಂದರಲ್ಲಿ ಕುದುರೆ ಸವಾರಿ. ನಮ್ಮ ಬಾದಾಮಿ ಚಾಲುಕ್ಯರ ತಾಮ್ರಪಟಗಳಿಗೆ ವರಾಹಮುದ್ರೆ ಇರ್ತಿತ್ತಲ್ಲ, ಕೆಲಸ ಅದೇ. ಮೇಣ ಕಾಯಿಸೋದಕ್ಕೇ 'ಚೇಫ್‌ವ್ಯಾಕ್ಸ್' ಅನ್ನೋ ಸರ್ಕಾರಿ ಹುದ್ದೆ ಇತ್ತು. ಅದನ್ನು ರದ್ದು ಮಾಡಿದ್ದು 1852ರಲ್ಲಿ! ಮುದ್ರೆ ನಕಲು ಮಾಡಿದರೆ ರಾಜದ್ರೋಹ, ತಲೆದಂಡ.

ಸರಿ, ರಾಜನೇ ಬದಲಾದರೆ? 1553ರಲ್ಲಿ ಪಟ್ಟಕ್ಕೆ ಬಂದ ಮೇರಿ ಕಟ್ಟಾ ಕ್ಯಾಥಲಿಕ್. ಮಠದ ಜಮೀನು ವಾಪಸ್ ಕೇಳ್ತಾಳಾ ಅಂತ ಕೊಂಡವರಿಗೆಲ್ಲ ಎದೆ ಢವಢವ. ಮೇಣದ ಮೇಲಿದ್ದದ್ದು ಅವಳ ಅಪ್ಪನ ಮುದ್ರೆಯೇ, ನಿಜ. ಆದರೆ ಪೋಪ್ ಈ ಮಾರಾಟ ಒಪ್ಪಿರಲಿಲ್ಲವಲ್ಲ. ಜಮೀನಿನ ಭರವಸೆ ಸಿಗದೆ ರೋಮ್ ಜೊತೆ ರಾಜಿಗೆ ಸಂಸತ್ತು ತಯಾರಿರಲಿಲ್ಲ. ಅದರಲ್ಲಿ ಕೂತವರಲ್ಲೇ ಎಷ್ಟೋ ಮಂದಿ ಮಠದ ಜಮೀನು ಕೊಂಡವರು, ನೋಡಿ. ಕೊನೆಗೆ 1554ರ ಡಿಸೆಂಬರಿನಲ್ಲಿ ಪೋಪ್ ಪ್ರತಿನಿಧಿ ಕಾರ್ಡಿನಲ್ ಪೋಲ್ ಜಮೀನು ಅವರ ಹತ್ತಿರವೇ ಇರಲಿ ಅಂತ ಒಪ್ಪಿಕೊಂಡ.

ಮೇಣ ಬೇಗ ಒಡೆಯುತ್ತೆ, ಉಳಿದ ಮುದ್ರೆಗಳಲ್ಲಿ ಎಷ್ಟೋ ಬರೀ ಚೂರುಗಳು. ಹಾಗಂತ ಹಕ್ಕು ಹೋಗ್ತಿರಲಿಲ್ಲ. ಪತ್ರದ ಒಕ್ಕಣೆಯನ್ನು ಸರ್ಕಾರ ಚರ್ಮದ ಸುರುಳಿಗಳಲ್ಲಿ ನಕಲು ಮಾಡಿ ಇಟ್ಟುಕೊಳ್ತಿತ್ತು. 1201ರಿಂದ ಶುರುವಾದ ಆ 'ಪೇಟೆಂಟ್ ರೋಲ್'ಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಈಗಲೂ ಇವೆ. ಕೊಂಡವನು ದುಡ್ಡು ಕೊಟ್ಟು ಬರೆಸಿದ ಆ ಚಿನ್ನದ ಹೂಬಳ್ಳಿ ಮಾತ್ರ ಆ ನಕಲಿನಲ್ಲಿ ಇಲ್ಲ.